ಸರ್ಕಾರಿ ಆಸ್ಪತ್ರೆಯೂ ಬಡವರ ಮಾನವೂ

ನಮ್ಮ ನಾಡಿನಲ್ಲಿ ಒಂದು ಆಸ್ಪತ್ರೆಯ ಯೋಗ್ಯತೆಯನ್ನು ಅಳೆಯುವುದಕ್ಕೆ ಅಧಿಕಾರಿವರ್ಗದವರು ಸಾಮಾನ್ಯವಾಗಿ ಉಪಯೋಗಿಸುವ ಅಳತೆಗೋಲುಗಳು ಮೂರು: ಕಟ್ಟಡವೆಂಥದು, ಹಾಸಿಗೆಗಳೆಷ್ಟು, ವರ್ಷಕ್ಕೆ ಬಂದುಹೋದ ರೋಗಿಗಳೆಷ್ಟು ಎಂಬುವು. ಈ ಮೂರೂ ಬೇಕಾದುವೇ, ನಾವು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕನೆಯದೊಂದುಂಟು. ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಯೂ, ರಾತ್ರಿಯೆಲ್ಲಾ ತಲೆಯ ಬಳಿ ಕುಳಿತಿದ್ದ ಆತನ ತಾಯಿಯೋ ಹೆಂಡತಿಯೋ ಅಣ್ಣನೋ, ತಮ್ಮ ಬೀದಿಯವರಿಗೆ ಏನು ಹೇಳುತ್ತಾರೆಂಬುದೇ ಅದು. ಆ ಮಾತು ಯಾವ ಇಲಾಖೆಯ ವರದಿಯಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ಮುಂದೊಂದು ದಿನ ಆ ಬೀದಿಯಲ್ಲಿ ಒಬ್ಬಳಿಗೆ ಹೆರಿಗೆಯ ನೋವು ಕಾಣಿಸಿಕೊಂಡಾಗ, ಆಕೆಯನ್ನು ಕೂಡಲೇ ಆಸ್ಪತ್ರೆಗೆ ಒಯ್ಯಬೇಕೆ ಅಥವಾ ಇನ್ನೊಂದು ರಾತ್ರಿ ಕಾದು ನೋಡಬೇಕೆ ಎಂಬುದನ್ನು ನಿರ್ಣಯಿಸುವುದು ಆ ಮಾತೇ.

2022ನೆಯ ಇಸವಿಯ ನವೆಂಬರ್ ತಿಂಗಳ ಆರಂಭದಲ್ಲಿ ತುಮಕೂರಿನಲ್ಲಿ ನಡೆದ ಸಂಗತಿಯನ್ನು ವಾಚಕ ಮಹಾಶಯರು ಮರೆತಿರಲಾರರು. ತಮಿಳುನಾಡಿನಿಂದ ಬಂದು ಅಲ್ಲಿ ನೆಲಸಿದ್ದ ಬಡ ಹೆಂಗಸೊಬ್ಬಳು ತುಂಬು ಗರ್ಭಿಣಿಯಾಗಿ, ನೆರೆಹೊರೆಯವರ ಸಹಾಯದಿಂದ ಜಿಲ್ಲಾ ಆಸ್ಪತ್ರೆಯ ಬಾಗಿಲಿಗೆ ಬಂದಳು. ತಾಯಿ ಕಾರ್ಡೂ ಇಲ್ಲ, ಆಧಾರ್ ಕಾರ್ಡೂ ಇಲ್ಲವೆಂದು ಆಕೆಯನ್ನು ಸೇರಿಸಿಕೊಳ್ಳದೆ ಹಿಂದಿರುಗಿಸಿದರೆಂಬುದು ದೂರು. ಮನೆಗೆ ಮರಳಿದ ಆಕೆ ಅಲ್ಲಿಯೇ ಅವಳಿ ಶಿಶುಗಳನ್ನು ಹೆತ್ತಳು. ತಾಯಿಯೂ ಉಳಿಯಲಿಲ್ಲ, ಶಿಶುಗಳೂ ಉಳಿಯಲಿಲ್ಲ. ಬಳಿಕ ವೈದ್ಯರೊಬ್ಬರನ್ನೂ ದಾದಿಯರನ್ನೂ ಅಮಾನತಿನಲ್ಲಿಟ್ಟರು. ತುರ್ತು ಸಂದರ್ಭದಲ್ಲಿ ಕಾಗದಪತ್ರಗಳಿಲ್ಲವೆಂದು ಯಾರನ್ನೂ ಹಿಂದಿರುಗಿಸಕೂಡದೆಂದು ಸರ್ಕಾರದಿಂದ ಆಜ್ಞೆಯೂ ಹೊರಟಿತು. ಕೊಳ್ಳೆ ಹೊಡೆದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಈ ಆಜ್ಞೆಯು ಹೊಸದೆಂದು ಯಾರೂ ಭ್ರಮಿಸಬಾರದು. ಪ್ರಾಣಾಪಾಯದಲ್ಲಿರುವವನಿಗೆ ಮೊದಲು ಚಿಕಿತ್ಸೆ, ಉಳಿದ ವಿಧಿಗಳು ಅನಂತರ ಎಂದು ದೇಶದ ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ಪರಮಾನಂದ ಕಟಾರ ಅವರ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಬಂಗಾಳದ ಕೂಲಿಗಾರನೊಬ್ಬನು 1992ರಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ, ಒಂದು ಸರ್ಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದು, ಎಲ್ಲಿಯೂ ಸ್ಥಳ ಸಿಕ್ಕದೆ, ಕಡೆಗೆ ಹಣ ತೆತ್ತು ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಬೇಕಾಯಿತು. ಆ ವ್ಯಾಜ್ಯದಲ್ಲಿ 1996ರಲ್ಲಿ ಅದೇ ನ್ಯಾಯಾಲಯವು, ಸರ್ಕಾರಿ ಆಸ್ಪತ್ರೆಯು ಸಕಾಲದಲ್ಲಿ ಚಿಕಿತ್ಸೆ ಕೊಡದಿರುವುದೆಂದರೆ ರಾಜ್ಯಾಂಗವು ಪ್ರಜೆಗೆ ಕೊಟ್ಟ ಜೀವದ ಹಕ್ಕಿಗೇ ಭಂಗ ತಂದಂತೆಂದು ಹೇಳಿ, ಆತನಿಗೆ ಪರಿಹಾರವನ್ನೂ ಕೊಡಿಸಿತು. ಕಾನೂನು ಇತ್ತು, ತೀರ್ಪುಗಳೂ ಇದ್ದುವು. ಹೀಗಿದ್ದೂ 2022ರಲ್ಲಿ ಬಾಗಿಲಲ್ಲಿ ಕಾಗದವನ್ನು ಕೇಳಿದರೆಂದರೆ, ದೋಷವು ಕಾನೂನಿನ ಕೊರತೆಯಲ್ಲಿಲ್ಲ. ಬಾಗಿಲಲ್ಲಿ ಕುಳಿತವರ ಅಭ್ಯಾಸದಲ್ಲಿದೆ.

ಈ ಅಭ್ಯಾಸವು ಹೇಗೆ ಹುಟ್ಟಿತೆಂಬುದನ್ನು ವಿಚಾರಿಸುವುದು ಅವಶ್ಯ. ತಾಯಿ ಕಾರ್ಡು ಹುಟ್ಟಿದ್ದು ಗರ್ಭಿಣಿಯ ಹಿತಕ್ಕಾಗಿ. ಆಕೆಯ ರಕ್ತವೆಷ್ಟು, ತೂಕವೆಷ್ಟು, ಹಿಂದಿನ ಹೆರಿಗೆ ಹೇಗಾಯಿತು ಎಂಬುವನ್ನು ವೈದ್ಯನು ಒಂದೇ ನೋಟಕ್ಕೆ ತಿಳಿಯಲೆಂಬುದು ಅದರ ಉದ್ದೇಶ. ಆದರೆ ಸಹಾಯಧನವೂ ಲೆಕ್ಕಪತ್ರವೂ ಇಂಥ ಕಾರ್ಡುಗಳಿಗೇ ಗಂಟುಬಿದ್ದ ಮೇಲೆ, ಕಾರ್ಡಿಲ್ಲದವಳು ಗುಮಾಸ್ತನ ಕಣ್ಣಿಗೆ ಲೆಕ್ಕಕ್ಕೆ ಸಿಕ್ಕದ ತೊಂದರೆಯಾಗಿ ತೋರಿದಳು. ಹೀಗೆ ಒಳಗೆ ಕರೆಯುವುದಕ್ಕೆ ಮಾಡಿದ ಸಾಧನವು ಹೊರಗೆ ನಿಲ್ಲಿಸುವ ಸಾಧನವಾಯಿತು. ಯಾರ ಬಳಿ ಕಾಗದವಿಲ್ಲವೋ ಅವರೇ ಸಾಮಾನ್ಯವಾಗಿ ಕೂಲಿಗಾಗಿ ಊರು ಬಿಟ್ಟು ಬಂದವರು, ಅನಾಥರು, ಪರಭಾಷೆಯವರು. ಆಸ್ಪತ್ರೆಯ ಅಗತ್ಯವು ಎಲ್ಲರಿಗಿಂತ ಹೆಚ್ಚಾಗಿರುವುದೂ ಅವರಿಗೇ.

ಇಷ್ಟು ಹೇಳಿದ ಮಾತ್ರಕ್ಕೆ ಸರ್ಕಾರಿ ವೈದ್ಯಸೇವೆಯು ಏನನ್ನೂ ಸಾಧಿಸಿಲ್ಲವೆಂದು ನಾವು ಹೇಳಿದೆವೆಂದು ಯಾರೂ ಭಾವಿಸಕೂಡದು. ಸಾಧಿಸಿದುದು ಅಲ್ಪವಲ್ಲ. 2001-03ರ ಗಣನೆಯಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಗಣನೆಯ ಹೊತ್ತಿಗೆ ಅದು 69ಕ್ಕೆ ಇಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಆದರೂ ಅದೇ 2018-20ರ ಗಣನೆಯಲ್ಲಿ ತಮಿಳುನಾಡಿನ ಸಂಖ್ಯೆ 54, ಕೇರಳದ್ದು 19 ಎಂಬುದನ್ನು ನೆನೆದರೆ ತೃಪ್ತಿಪಟ್ಟು ಕುಳಿತುಕೊಳ್ಳುವುದಕ್ಕೆ ಅವಕಾಶವಿಲ್ಲ. 2024ನೆಯ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆತ್ತ ತಾಯಂದಿರು ಒಬ್ಬರಾದ ಮೇಲೊಬ್ಬರು ಮೃತರಾಗಿ, ನರಕ್ಕೆ ಹನಿಸಿದ ದ್ರಾವಣದ ಮೇಲೆ ಸಂಶಯವುಂಟಾಗಿ, ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತಿನಲ್ಲಿಡಬೇಕಾಗಿ ಬಂದುದೂ ನಮ್ಮ ಕಣ್ಣಮುಂದಿದೆ. ಜನರು ಆಸ್ಪತ್ರೆಯನ್ನು ನಂಬಿ ಬಂದಿದ್ದಾರೆ. ನಂಬಿ ಬಂದವರನ್ನು ನಡೆಸಿಕೊಳ್ಳುವ ರೀತಿಯೇ ಈಗ ಉಳಿದಿರುವ ಪ್ರಶ್ನೆ.

ನಮ್ಮ ಮುದ್ರಣಾಲಯದ ಕೆಲಸಗಾರನೊಬ್ಬನ ಹೆಂಡತಿಯನ್ನು ಹೋದ ಮಳೆಗಾಲದಲ್ಲಿ ಒಂದು ತಾಲ್ಲೂಕು ಆಸ್ಪತ್ರೆಗೆ ಹೆರಿಗೆಗಾಗಿ ಸೇರಿಸಿದ್ದರು. ನಾವೂ ಹೋಗಿ ಹೊರಗಿನ ಬೆಂಚಿನ ಮೇಲೆ ಬಹಳ ಹೊತ್ತು ಕುಳಿತಿದ್ದೆವು. ವೈದ್ಯರು ಸಮರ್ಥರು, ಔಷಧಕ್ಕೆ ದುಡ್ಡು ಕೇಳಲಿಲ್ಲ, ತಾಯಿ ಮಗು ಇಬ್ಬರೂ ಕ್ಷೇಮವಾಗಿ ಮನೆಗೆ ಬಂದರು. ಇದನ್ನು ಮೊದಲು ಹೇಳುವುದು ನ್ಯಾಯ. ಆದರೆ ಹುಡುಗಿಯನ್ನು ಒಳಗೆ ಒಯ್ದ ಬಳಿಕ ನಾಲ್ಕು ಗಂಟೆಗಳ ಕಾಲ ಹೊರಗಿದ್ದ ಆಕೆಯ ತಾಯಿಗೆ ಯಾರೂ ಒಂದು ಮಾತನ್ನೂ ಹೇಳಲಿಲ್ಲ. ಬಾಗಿಲು ತೆರೆದಾಗಲೆಲ್ಲಾ ಆ ಮುದುಕಿ ಎದ್ದು ನಿಲ್ಲುವಳು; "ಕೂತ್ಕೋ, ಹೇಳ್ತೀವಿ" ಎಂದು ಗದರಿಸಿದ ಕೂಡಲೇ ಕೂರುವಳು. "ಒಳಗೆ ಏನಾಗ್ತಾ ಐತೆ ಸ್ವಾಮಿ, ಯಾರೂ ಬಾಯಿ ಬಿಡಾಕಿಲ್ಲ" ಎಂದು ನಮ್ಮನ್ನು ಕೇಳಿದಳು. ನಾವೇನು ಹೇಳೋಣ? ನಡುವೆ ಒಂದು ಕಾಗದವು ಬಂದಿತು, ಶಸ್ತ್ರಕ್ರಿಯೆಗೆ ಒಪ್ಪಿಗೆಯಂತೆ. ಅದನ್ನು ಓದಿ ಹೇಳುವವರಿಲ್ಲದೆ ಆಕೆಯ ಅಳಿಯನು ತೋರಿಸಿದ ಕಡೆಯಲ್ಲಿ ರುಜು ಹಾಕಿದನು. ಮಗು ಹುಟ್ಟಿದ ಮೇಲೆ, ಅದರ ಮುಖ ತೋರಿಸುವುದಕ್ಕೆ ಕೈಯೊಡ್ಡಿದವರಿದ್ದರು. ಗಂಡಾದರೆ ಒಂದು ದರ, ಹೆಣ್ಣಾದರೆ ಒಂದು ದರ. ಹೆಣ್ಣಾದುದರಿಂದ ಸ್ವಲ್ಪ ಕಡಿಮೆಗೆ ಮುಗಿಯಿತು.

ಹೆರಿಗೆಗೂ ಶಸ್ತ್ರಕ್ರಿಯೆಗೂ ಔಷಧಕ್ಕೂ ಊಟಕ್ಕೂ ವಾಹನಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಕಾಸು ಕೇಳಕೂಡದೆಂಬ ಜನನಿ ಶಿಶು ಸುರಕ್ಷಾ ಕಾರ್ಯಕ್ರಮವು 2011ರಿಂದಲೂ ಜಾರಿಯಲ್ಲಿದೆ. ಸರ್ಕಾರವು ಕೋಟಿ ಕೋಟಿ ವೆಚ್ಚಮಾಡಿ ಕೊಟ್ಟ ದಾನದ ಪುಣ್ಯವನ್ನು ಬಾಗಿಲ ಬಳಿಯ ನೂರಿನ್ನೂರು ರೂಪಾಯಿ ತಿಂದುಹಾಕುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಬೇಕೆ?

ಇನ್ನೊಂದು ಪಕ್ಷವನ್ನೂ ಕೇಳಬೇಕು. ಆ ರಾತ್ರಿ ಅಲ್ಲಿದ್ದ ದಾದಿಯೊಬ್ಬಳನ್ನು ನಾವು ಮೆಲ್ಲಗೆ ಪ್ರಶ್ನಿಸಿದಾಗ ಆಕೆ ಕೋಪಿಸಿಕೊಳ್ಳದೆ ಹೇಳಿದುದು ಇದು: "ಈ ವಾರ್ಡಿಗೆ ರಾತ್ರಿ ನಾನೊಬ್ಬಳೇ ಸಾರ್. ನಾಲ್ಕು ಮನೆಯವರಿಗೆ ಉತ್ತರ ಹೇಳುತ್ತಾ ನಿಂತರೆ ಐದನೆಯವಳಿಗೆ ರಕ್ತ ಹೋಗುತ್ತಿರುವುದನ್ನು ಯಾರು ನೋಡಬೇಕು?" ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ; ಉತ್ತರ ಹೇಳಬೇಕಾದವರು ರಾಜಧಾನಿಯಲ್ಲಿದ್ದಾರೆ. ಬಯಲುಸೀಮೆಯಲ್ಲಿ 1,20,000 ಜನಕ್ಕೊಂದು ಸಮುದಾಯ ಆರೋಗ್ಯ ಕೇಂದ್ರವಿರಬೇಕು, ಅದರಲ್ಲಿ 30 ಹಾಸಿಗೆಗಳಿರಬೇಕು, ಶಸ್ತ್ರವೈದ್ಯರೂ ಸಾಮಾನ್ಯ ವೈದ್ಯರೂ ಸ್ತ್ರೀರೋಗತಜ್ಞರೂ ಮಕ್ಕಳ ವೈದ್ಯರೂ ಇರಬೇಕೆಂಬುದು ಸರ್ಕಾರದವರೇ ಮಾಡಿಕೊಂಡ ನಿಯಮ. ದೇಶದ ಅನೇಕ ಕಡೆಗಳಲ್ಲಿ ಕಟ್ಟಡವುಂಟು, ಫಲಕವುಂಟು, ತಜ್ಞರಿಲ್ಲ. ಅರಿವಳಿಕೆ ಕೊಡುವ ವೈದ್ಯನೊಬ್ಬನಿಲ್ಲದಿದ್ದರೆ ಶಸ್ತ್ರಕ್ರಿಯೆಯ ಕೋಣೆಗೆ ಬೀಗವೇ ಗತಿ. ಆಗ ನಡುರಾತ್ರಿಯಲ್ಲಿ "ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ" ಎಂಬ ಒಂದೇ ಮಾತು ಉಳಿಯುತ್ತದೆ. ಆ ಮಾತನ್ನು ಕೇಳಿದ ಬಂಧುಗಳ ಕೋಪವು, ಅಂಥ ಸ್ಥಿತಿಗೆ ಕಾರಣರಾದವರ ಮೇಲೆ ಬೀಳದೆ, ಎದುರಿಗೆ ಸಿಕ್ಕಿದ ಕಿರಿಯ ವೈದ್ಯನ ಮೇಲೆ ಬೀಳುತ್ತದೆ. ವೈದ್ಯರ ಮೇಲೆ ಕೈಮಾಡುವುದನ್ನು ನಾವು ಎಂದಿಗೂ ಸಮರ್ಥಿಸುವವರಲ್ಲ; ಅದು ಹೇಯಕೃತ್ಯ. ಆದರೆ ಮಾತಿಲ್ಲದ ಕಡೆಯಲ್ಲಿ ಸಂಶಯವು ಬೆಳೆಯುತ್ತದೆ, ಸಂಶಯ ಬೆಳೆದ ಕಡೆಯಲ್ಲಿ ಜಗಳವು ಹುಟ್ಟುತ್ತದೆ ಎಂಬುದನ್ನು ಆಡಳಿತಗಾರರು ತಿಳಿಯಬೇಕು.

ದೂರಿದ್ದರೆ ಪೆಟ್ಟಿಗೆಯಲ್ಲಿ ಹಾಕಬಹುದಲ್ಲ, ಆರೋಗ್ಯ ರಕ್ಷಾ ಸಮಿತಿಯಿದೆಯಲ್ಲ, ರೋಗಿಗಳ ಅಭಿಪ್ರಾಯವನ್ನು ದೂರವಾಣಿಯ ಮೂಲಕ ಕೇಳುವ 'ಮೇರಾ ಆಸ್ಪತಾಲ್' ಎಂಬ ಏರ್ಪಾಡು 2016ರಲ್ಲಿಯೇ ಬಂದಿತಲ್ಲ ಎಂದು ಅಧಿಕಾರಿಗಳು ಹೇಳಬಹುದು. ಇವೆಲ್ಲಾ ಸದುದ್ದೇಶದವೇ. ಆದರೆ ನಮ್ಮ ಕೆಲಸಗಾರನು ಮನೆಗೆ ಹೊರಡುವ ದಿನ, "ಏನಾದರೂ ತೊಂದರೆಯಾಯಿತೆ?" ಎಂದು ಆಸ್ಪತ್ರೆಯವರು ಕೇಳಿದಾಗ, "ಏನೂ ಇಲ್ಲ ಸಾರ್, ಎಲ್ಲಾ ಚೆನ್ನಾಗಿತ್ತು" ಎಂದೇ ಹೇಳಿದನು. ಕಾಗದದಲ್ಲಿ ಹಾಗೆಯೇ ಬರೆದುಕೊಂಡರು. ಹೀಗೇಕೆ ಹೇಳಿದೆಯಪ್ಪಾ ಎಂದು ನಾವು ಕೇಳಿದುದಕ್ಕೆ, "ನಾಳೆ ಮಗೂಗೆ ಚುಚ್ಚುಮದ್ದಿಗೆ ಅಲ್ಲಿಗೇ ಹೋಗಬೇಕಲ್ಲ ಸ್ವಾಮಿ" ಎಂದನು. ಬಡವನಿಗೆ ಬೇರೆ ಬಾಗಿಲಿಲ್ಲ. ಬೇರೆ ಬಾಗಿಲಿಲ್ಲದವನು ಕೊಟ್ಟ ಒಳ್ಳೆಯ ಯೋಗ್ಯತಾಪತ್ರದ ಬೆಲೆಯೆಷ್ಟೆಂಬುದನ್ನು ಅಧಿಕಾರಿಗಳೇ ಊಹಿಸಲಿ. ಪ್ರಾಣವುಳಿಯಿತೆಂಬ ಕೃತಜ್ಞತೆ ಒಂದು ಕಡೆ, ಮುಂದಿನ ಸಲದ ಭಯ ಇನ್ನೊಂದು ಕಡೆ. ಇವೆರಡರ ನಡುವೆ ಸತ್ಯವು ಹೊರಬೀಳುವುದಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಹೀಗಿವೆ. ಮೊದಲನೆಯದು: ನೋವಿನಿಂದ ಬಂದವಳನ್ನು ಮೊದಲು ಪರೀಕ್ಷಿಸಬೇಕು, ಕಾಗದವನ್ನು ಆಮೇಲೆ ಕೇಳಬೇಕು. ಬೇರೆ ಆಸ್ಪತ್ರೆಗೆ ಕಳುಹಿಸಲೇಬೇಕಾದರೆ ಕಾರಣವನ್ನು ಬರೆದುಕೊಟ್ಟು, ಆ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ, 108ರ ವಾಹನದಲ್ಲಿಯೇ ಕಳುಹಿಸಬೇಕು. ಬರಹವಿಲ್ಲದೆ ಕಳುಹಿಸಿದರೆ ಅದನ್ನು ನಿರಾಕರಣೆಯೆಂದೇ ಎಣಿಸತಕ್ಕದ್ದು. ಎರಡನೆಯದು: ಪ್ರತಿದಿನವೂ ಗೊತ್ತಾದ ಒಂದು ವೇಳೆಯಲ್ಲಿ, ಪ್ರತಿ ರೋಗಿಯ ಕಡೆಯ ಒಬ್ಬರಿಗೆ ರೋಗದ ಸ್ಥಿತಿಯನ್ನು ತಿಳಿಯುವ ಭಾಷೆಯಲ್ಲಿ ಹೇಳಬೇಕು, ಒಪ್ಪಿಗೆಯ ಕಾಗದವನ್ನು ಕನ್ನಡದಲ್ಲಿ ಓದಿ ಹೇಳದೆ ರುಜು ತೆಗೆದುಕೊಳ್ಳಬಾರದು. ಇದಕ್ಕೆ ದಾದಿಯನ್ನೇ ಎಳೆಯಬೇಕಾಗಿಲ್ಲ. ಆಸ್ಪತ್ರೆಗೊಬ್ಬ ಸಹನೆಯುಳ್ಳ ಕಾರ್ಯಕರ್ತೆಯನ್ನು ನೇಮಿಸಿದರೆ ಸಾಕು. ಮೂರನೆಯದು: ಹೆರಿಗೆಯ ವೇಳೆಯಲ್ಲಿ ಬಂಧು ಹೆಂಗಸೊಬ್ಬಳು ಬಳಿಯಲ್ಲಿರಬಹುದೆಂದು ಕೇಂದ್ರ ಸರ್ಕಾರದವರು 2016ರಲ್ಲಿಯೇ ಒಪ್ಪಿದ್ದಾರೆ. ಅದನ್ನು ಆಚರಣೆಗೆ ತಂದರೆ ಹೊರಗಿನ ಮುದುಕಿಯ ಸಂಕಟವೂ ಒಳಗಿನ ಹುಡುಗಿಯ ಭಯವೂ ಒಟ್ಟಿಗೆ ಅರ್ಧಕ್ಕಿಳಿಯುತ್ತವೆ. ಕೈಯೊಡ್ಡುವವರ ವ್ಯಾಪಾರವೂ ತಗ್ಗುತ್ತದೆ. ನಾಲ್ಕನೆಯದು: ರಕ್ಷಾ ಸಮಿತಿಯು ತಿಂಗಳಿಗೊಮ್ಮೆ ಆಸ್ಪತ್ರೆಯ ಹೊರಗೆ, ಪಂಚಾಯತಿಯ ಚಾವಡಿಯಲ್ಲಿಯೋ ಶಾಲೆಯಲ್ಲಿಯೋ ಕುಳಿತು, ಮನೆಗೆ ಮರಳಿದವರ ಮಾತನ್ನು ಹೆಸರು ಬರೆಯದೆ ಕೇಳಬೇಕು. ಅಲ್ಲಿಯೇ ಹೆತ್ತ ಬಡ ತಾಯಂದಿರಿಬ್ಬರಾದರೂ ಸಮಿತಿಯ ಸದಸ್ಯರಾಗಿರಬೇಕು. ಐದನೆಯದು ಎಲ್ಲಕ್ಕಿಂತ ಮುಖ್ಯವಾದುದು: ಬರಿದಾದ ಸ್ಥಾನಗಳನ್ನು ತುಂಬಬೇಕು. ರಾತ್ರಿಗೊಬ್ಬಳೇ ದಾದಿಯಿರುವ ವಾರ್ಡಿನಲ್ಲಿ ವಿನಯವನ್ನು ಉಪದೇಶಿಸುವುದು ಹಾಸ್ಯಾಸ್ಪದ.

ಇವು ಯಾವುವೂ ನವೀನ ಕಲ್ಪನೆಗಳಲ್ಲ. ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿದಾಗಲೇ, ಹಣ ಕೊಡಲಾರದವನೆಂಬ ಕಾರಣದಿಂದ ಯಾರಿಗೂ ವೈದ್ಯಸಹಾಯವು ತಪ್ಪಕೂಡದೆಂದೂ, ಹಳ್ಳಿಹಳ್ಳಿಯ ಜನರೇ ಸಮಿತಿಗಳ ಮೂಲಕ ಈ ಕಾರ್ಯದಲ್ಲಿ ಭಾಗಿಗಳಾಗಬೇಕೆಂದೂ ಹೇಳಿತ್ತು. ಆಗ ನಾವು ಪರರ ಆಳ್ವಿಕೆಯಲ್ಲಿದ್ದೆವು. ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಕಳೆದಿದೆ. ಆಸ್ಪತ್ರೆಯು ಪ್ರಜೆಯ ದುಡ್ಡಿನಿಂದ ಕಟ್ಟಿದುದು, ಪ್ರಜೆಯ ದುಡ್ಡಿನಿಂದ ನಡೆಯತಕ್ಕುದು. ತನ್ನದೇ ಆದ ಮನೆಯ ಹೊಸ್ತಿಲಲ್ಲಿ ಪ್ರಜೆಯು ಭಿಕ್ಷುಕನಂತೆ ನಿಲ್ಲಬೇಕಾದರೆ, ಆಳ್ವಿಕೆ ಬದಲಾದುದು ಆತನ ಅನುಭವಕ್ಕೆ ಇನ್ನೂ ಬಂದಿಲ್ಲವೆಂದೇ ಅರ್ಥ.

ಮಾನ್ಯ ಆರೋಗ್ಯ ಮಂತ್ರಿಗಳಲ್ಲಿಯೂ ಜಿಲ್ಲೆಗಳ ಅಧಿಕಾರಿಗಳಲ್ಲಿಯೂ ನಮ್ಮದೊಂದು ಬಿನ್ನಹ. ಮುಂಚಿತವಾಗಿ ತಿಳಿಸದೆ, ಹಾರತುರಾಯಿಗಳಿಲ್ಲದೆ, ಯಾವುದಾದರೊಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನ ಹೊರಗಣ ಬೆಂಚಿನ ಮೇಲೆ ಒಂದು ರಾತ್ರಿ ಬಂಧುಗಳ ನಡುವೆ ಕುಳಿತುಕೊಳ್ಳಲಿ. ಬಾಗಿಲು ತೆರೆದಾಗಲೆಲ್ಲಾ ಎದ್ದು ನಿಲ್ಲುವ ಮುದುಕಿಯೊಬ್ಬಳು ಅಲ್ಲಿ ಖಂಡಿತವಾಗಿಯೂ ಇರುತ್ತಾಳೆ. ಅವಳೊಡನೆ ಮಾತನಾಡಿ, ಬೆಳಗ್ಗೆ ಕಚೇರಿಗೆ ಹೋಗಿ ಕಡತವನ್ನು ಬಿಚ್ಚಲಿ.