ಅರ್ಜಿ ನಮೂನೆ ಯೂನಿಕೋಡಿನಲ್ಲಿ ಬರಲಿ



2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ನನ್ನ ಹಳೇ ಲ್ಯಾಪ್‌ಟಾಪ್ ವಿಂಡೋಸ್ 11ಕ್ಕೆ ಒಗ್ಗದು. ಗುಜರಿಗೆ ಹಾಕಲು ಮನಸ್ಸು ಬಾರದೆ ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯವ್ಯವಸ್ಥೆ ಹಾಕಿದೆ. ಸೊರಬದ ನಮ್ಮ ಹಳ್ಳಿಯ ನೆಟ್‌ವರ್ಕ್ ನಂಬಿ ಅದರ ಅಷ್ಟು ದೊಡ್ಡ ಕಡತ ಇಳಿಸುವುದುಂಟೆ? ಶಿಕಾರಿಪುರದ ಗೆಳೆಯನ ಮನೆಯಿಂದ ಪೆನ್‌ಡ್ರೈವಿನಲ್ಲಿ ತಂದೆ, ಬಸ್ಸಿನಲ್ಲಿ, ಅಡಿಕೆ ಚೀಲಗಳ ನಡುವೆ ಕೂತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕನ್ನಡ ಟೈಪಿಸುವ ಕಗಪ ಕೀಲಿಮಣೆ ವಿನ್ಯಾಸ ಮಿಂಟಿನಲ್ಲೇ ಇತ್ತು. ಲಿಬ್ರೆಆಫೀಸಿನಲ್ಲಿ ಈ ಪತ್ರ ಟೈಪಿಸಿದ್ದೂ ಅದರಿಂದಲೇ. ತಂತ್ರಾಂಶಕ್ಕೆ ಒಂದು ಪೈಸೆ ಖರ್ಚಿಲ್ಲ.

ತೊಡಕು ಬಂದದ್ದು ಬೇರೆ ಕಡೆ. ಕಚೇರಿಯೊಂದು ಕಳಿಸಿದ ಅರ್ಜಿ ನಮೂನೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್ ಅಲ್ಲದ ಹಳೇ ಫಾಂಟಿನಲ್ಲಿ ಟೈಪಿಸಿದ್ದರು. ಇಂಥದ್ದನ್ನು ಬದಲಿಸುವ ಮುಕ್ತ ತಂತ್ರಾಂಶಗಳಿವೆ, ನನ್ನ ಕೆಲಸವೂ ಆಯಿತು. ಆದರೆ ಒತ್ತಕ್ಷರ ಅಲ್ಲಲ್ಲಿ ಕೆಟ್ಟು, ಅವನ್ನು ತಿದ್ದುವುದರಲ್ಲಿ ಅರ್ಧ ದಿನ ಹೋಯಿತು. ತಾಳಗುಂದದ ಶಾಸನ ಕಂಬದ ಮೇಲಿನ ಬರಹವನ್ನು ಇಷ್ಟು ಶತಮಾನಗಳ ಮೇಲೂ ಓದುತ್ತೇವೆ. ಕಳೆದ ವಾರದ ಅರ್ಜಿ ಓದಲಾಗದು! ಕಚೇರಿಗಳು ಇನ್ನಾದರೂ ಯೂನಿಕೋಡಿನಲ್ಲೇ ಕಡತ ಕೊಡಲಿ.

– ಓದುಗ, ಸೊರಬ ತಾಲ್ಲೂಕು