ಯಂತ್ರಕ್ಕಿಂತ ಮೊದಲು ಗುರುವಿನ ಸಿದ್ಧತೆ

ಮುಂಡಾಜೆಯಂತಹ ಗ್ರಾಮಗಳ ಶಾಲೆಗೆ ಕಂಪ್ಯೂಟರ್ ಬೇಕೆಂದರೆ ದಾನಿಗಳೂ ಹಳೆ ವಿದ್ಯಾರ್ಥಿಗಳೂ ಮುಂದೆ ಬರುತ್ತಾರೆ. ಅದನ್ನು ಪಾಠದಲ್ಲಿ ಬಳಸಬೇಕಾದ ಶಿಕ್ಷಕರ ತರಬೇತಿಗೆ ದಾನ ಕೊಡುವವರು ವಿರಳ.

1984ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಿಂದ 2017ರ ‘ದೀಕ್ಷಾ’ದವರೆಗೆ ಉಪಕರಣಗಳು ಬದಲಾಗಿವೆ; ಶಿಕ್ಷಕರ ಸಿದ್ಧತೆಯ ಪ್ರಶ್ನೆ ಹಾಗೆಯೇ ಉಳಿದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿಯೊಬ್ಬ ಶಿಕ್ಷಕರಿಂದ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿಯನ್ನು ಅಪೇಕ್ಷಿಸುತ್ತದೆ. ಆ ಗಂಟೆಗಳು ಬರಿಯ ಭಾಷಣಗಳಲ್ಲಿ ಕಳೆದುಹೋಗಬಾರದು.

ಯಾವ ಪಾಠವು ಕರಿಹಲಗೆಯಿಂದ ಮಕ್ಕಳಿಗೆ ಮನದಟ್ಟಾಗುತ್ತಿಲ್ಲವೆಂದು ಆಡಳಿತ ಮಂಡಳಿಯವರು ಮೊದಲು ಶಿಕ್ಷಕರನ್ನೇ ಕೇಳಲಿ. ರಕ್ತ ಪರಿಚಲನೆಯ ಪಾಠವೆಂದಿಟ್ಟುಕೊಳ್ಳೋಣ. ಅದನ್ನು ಚಲಿಸುವ ಚಿತ್ರಗಳೊಡನೆ ಶಿಕ್ಷಕರು ತಾವೇ ಸಿದ್ಧಪಡಿಸಿ, ಸಹೋದ್ಯೋಗಿಗಳ ಮುಂದೆ ಬೋಧಿಸಿ, ಬಳಿಕ ತರಗತಿಗೆ ಒಯ್ಯಲಿ. ತಿಂಗಳ ನಂತರ ಮತ್ತೆ ಕೂಡಿ ಲೋಪಗಳನ್ನು ತಿದ್ದಿಕೊಳ್ಳಲಿ. ಮಳೆಗಾಲದಲ್ಲಿ ವಿದ್ಯುತ್ ಕೈಕೊಡುವ ಘಟ್ಟದ ಬುಡದ ಈ ಊರುಗಳಲ್ಲಿ ಸೀಮೆಸುಣ್ಣದ ಪಾಠವೂ ಜೊತೆಗೆ ಸಿದ್ಧವಿರಬೇಕು. ಇದಕ್ಕೆಲ್ಲ ಬೇಕಾದುದು ಸಮಯ. ದಾಖಲೆಪತ್ರಗಳ ಹೊರೆ ಹೊತ್ತ ಶಿಕ್ಷಕರಿಗೆ ವಾರದಲ್ಲಿ ಒಂದು ಅವಧಿಯನ್ನಾದರೂ ಬಿಡುವು ಮಾಡಿಕೊಡಬೇಕು.

ಹೆತ್ತವರಾದ ನಮಗೂ ಹೊಣೆಯಿದೆ. ಶಾಲೆಯಲ್ಲಿ ಎಷ್ಟು ಕಂಪ್ಯೂಟರುಗಳಿವೆ ಎಂದು ಕೇಳಿದ್ದು ಸಾಕು. ಅವುಗಳ ಮೂಲಕ ಕಲಿಸಲು ಶಿಕ್ಷಕರಿಗೆ ತರಬೇತಿ ದೊರೆತಿದೆಯೇ ಎಂದು ಮುಂದಿನ ಹೆತ್ತವರ ಸಭೆಯಲ್ಲಿ ಕೇಳೋಣ.