ಒಂದು ಹಗಲಿನ ನಗರದರ್ಶನ

ಅರಬ್ಬೀ ಕೊಲ್ಲಿಯಲ್ಲಿ ವಿಹಾರನೌಕೆಗಳ ಸಂಚಾರ ಹೆಚ್ಚಿದಂದಿನಿಂದ ದುಬೈ ನಗರವನ್ನು ಕಂಡು ಬಂದವರ ಸಂಖ್ಯೆ ಬೆಳೆದಿದೆ. ಅದನ್ನು ಕುರಿತು ತೀರ್ಪು ಕೊಡುವವರ ಸಂಖ್ಯೆ ಅದಕ್ಕಿಂತಲೂ ಬೆಳೆದಿದೆ. ಬೆಳಗ್ಗೆ ಹಡಗಿನಿಂದ ಇಳಿದ ಪ್ರಯಾಣಿಕನಿಗಾಗಿ ತಂಪು ಯಂತ್ರದ ಬಸ್ಸು ಕಾದಿರುತ್ತದೆ. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ 124ನೆಯ ಅಂತಸ್ತು, ಅದರ ಬುಡದ ಮಹಾವಿಪಣಿ, ಮರುಭೂಮಿಯಲ್ಲಿ ಛಾವಣಿಯ ಕೆಳಗೆ ಹರಡಿದ ಹಿಮ, ಕಡಲಿಗೆ ಮರಳು ಸುರಿದು ಮಾಡಿದ ತಾಳೆಮರದ ಆಕಾರದ ದ್ವೀಪ, ಚಿನ್ನದ ಪೇಟೆಯಲ್ಲಿ ಅರ್ಧ ಗಂಟೆ; ಸಂಜೆಗೆ ಮತ್ತೆ ಹಡಗು. ಊರಿಗೆ ಮರಳುವ ಮೊದಲೇ ಲೇಖನ ಸಿದ್ಧವಾಗಿರುತ್ತದೆ. ಒಬ್ಬನಿಗೆ ಅದು ಅಮರಾವತಿ. ಮತ್ತೊಬ್ಬನಿಗೆ ಗಂಧರ್ವನಗರ, ಎಣ್ಣೆಯ ಹಣದ ಹುಚ್ಚಾಟ, ನಿನ್ನೆಯವರೆಗೆ ಬರಿಯ ಮರಳು. ಈ ಸ್ತುತಿನಿಂದೆಗಳೆರಡೂ ಒಂದೇ ಬಸ್ಸಿನ ಕಿಟಕಿಯಿಂದ ಹುಟ್ಟಿದವು.

ಬರಿಯ ಮರಳೆಂಬವನು ಅಲ್ ಫಹೀದಿ ಕೋಟೆಯ ಮುಂದೆ ನಿಂತು ಆ ಮಾತನ್ನಾಡಲಿ. ಅದು 1787ರ ಸುಮಾರಿನದು. ಆ ತೀರದವರು ಮುತ್ತಿಗಾಗಿ ಕಡಲಿನಲ್ಲಿ ಮುಳುಗಿ ಬಾಳಿದವರು. 1930ರ ದಶಕದಲ್ಲಿ ಲೋಕದ ಆರ್ಥಿಕ ಕುಸಿತವೂ ಜಪಾನಿನ ಕೃಷಿಮುತ್ತುಗಳೂ ಕೂಡಿ ಆ ವೃತ್ತಿಯನ್ನು ಮುರಿದುವು. ಊರಿನ ಜೀವನಾಡಿಯಾದ ಅಳಿವೆ ಹೂಳಿನಿಂದ ಮುಚ್ಚುತ್ತಿತ್ತು. ಶೇಖ್ ರಾಶಿದ್ ಕುವೈತಿನಿಂದ ಸಾಲ ತಂದು ಅದರ ಹೂಳೆತ್ತಿಸಿದನು. 1961ರ ವೇಳೆಗೆ ಕೆಲಸ ಮುಗಿಯಿತು. ಎಣ್ಣೆ ದೊರೆತದ್ದು 1966ರಲ್ಲಿ! ಸಾಲ ಮೊದಲು, ಎಣ್ಣೆ ಅನಂತರ: ಈ ಪೂರ್ವಾಪರವನ್ನು ಅರಿಯದವನು ಕಾರ್ಯಕಾರಣಗಳನ್ನು ವಿವೇಚಿಸಹೊರಡುವುದು ಸಾಹಸವೇ ಸರಿ. (ಆ ದಿನಗಳಲ್ಲಿ ಅಲ್ಲಿ ನಡೆಯುತ್ತಿದ್ದ ನಾಣ್ಯವೂ ರೂಪಾಯಿಯೇ. 1959ರಲ್ಲಿ ಭಾರತದ ರಿಸರ್ವ್ ಬ್ಯಾಂಕು ಕೊಲ್ಲಿಯ ನಾಡುಗಳಿಗೆಂದೇ ಬೇರೆ ನೋಟುಗಳನ್ನು ಹೊರಡಿಸಿತ್ತು; 1966ರ ರೂಪಾಯಿಯ ಅಪಮೌಲ್ಯದೊಡನೆ ದುಬೈಯಲ್ಲಿ ಅವು ನಿಂತುವು.)

ಅಮರಾವತಿ ಎಂದವನ ತಪ್ಪಾದರೋ ಇನ್ನೂ ಕಠೋರವಾದುದು. ಅಮರಾವತಿಯಲ್ಲಿ ಬೆವರುವವರಿಲ್ಲ. ಇಲ್ಲಿ ಹತ್ತು ಜನ ನಿವಾಸಿಗಳಲ್ಲಿ ಸುಮಾರು ಒಂಬತ್ತು ಮಂದಿ ಹೊರನಾಡಿನವರು. ಗಾಜಿನ ಗೋಡೆಗಳನ್ನು ಎತ್ತಿ ನಿಲ್ಲಿಸಿದವರೂ ಒರಸುವವರೂ ಅವರೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು ಗಂಟೆಯ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸಕೂಡದೆಂದು ಅಲ್ಲಿ ಸರಕಾರದ ನಿಯಮವುಂಟು. ಇಂತಹ ನಿಯಮ ಬೇಕಾಗುವ ಬಿಸಿಲು ಎಂತಹದೆಂಬುದು ವಿಹಾರಿಗೆ ತಿಳಿಯದು. ಅವನ ಹಡಗು ಮುಖ್ಯವಾಗಿ ಚಳಿಗಾಲದಲ್ಲಿ ಬರುತ್ತದೆ. ಮಹಾವಿಪಣಿಯಲ್ಲಿ ಅವನು ಕುಡಿದ ನೀರು ನದಿಯದಲ್ಲ, ಕಡಲಿನ ಉಪ್ಪನ್ನು ಕಳೆದು ಪಡೆದದ್ದೆಂಬುದನ್ನೂ ಅವನು ವಿಚಾರಿಸುವುದಿಲ್ಲ. ಭಟ್ಕಳ, ಉಡುಪಿ, ಮಂಗಳೂರುಗಳ ಎಷ್ಟೋ ಮನೆಗಳ ಒಲೆ ಕೊಲ್ಲಿಯ ಸಂಬಳದಿಂದ ಉರಿಯುತ್ತಿರುವಾಗ, ಮಗನು ದುಡಿಯುವ ಊರನ್ನು ಸ್ವರ್ಗವೆಂದೋ ಮರೀಚಿಕೆಯೆಂದೋ ಓದಬೇಕಾದ ತಾಯಿಗೆ ಈ ಲೇಖನಗಳಿಂದ ಏನು ತಿಳಿದೀತು?

ಸ್ಥಾಲೀಪುಲಾಕನ್ಯಾಯವನ್ನು ಕೆಲವರು ಮುಂದೊಡ್ಡುವರು: ಒಂದು ಅಗುಳನ್ನು ಹಿಸುಕಿದರೆ ಪಾತ್ರೆಯ ಅನ್ನವೆಲ್ಲ ಬೆಂದುದು ತಿಳಿಯದೆ? ತಿಳಿಯುತ್ತದೆ, ಎಲ್ಲ ಅಗುಳೂ ಒಂದೇ ಪಾತ್ರೆಯಲ್ಲಿ ಒಂದೇ ಉರಿಗೆ ಬೆಂದಿದ್ದರೆ. ಗೋಪುರದ ತುದಿಯಲ್ಲಿರುವವನಿಗೂ ಅದರ ಹೊರಗೋಡೆಗೆ ಹಗ್ಗದಿಂದ ಜೋತವನಿಗೂ ಉರಿ ಒಂದೇ ಅಲ್ಲ. ಇನ್ನು, ಹಡಗು ನಿಲ್ಲುವುದೇ ಒಂದು ಹಗಲು, ಹೆಚ್ಚು ನೋಡುವುದೆಂತು ಎಂಬ ಆಕ್ಷೇಪ. ನೋಡಬಾರದೆಂದು ಯಾರೂ ಅನ್ನಲಿಲ್ಲ. ಕಂಡಷ್ಟನ್ನು ಕಂಡಷ್ಟೆಂದೇ ಬರೆದರೆ ಪತ್ರಿಕೆಗಳ ಪುಟವೂ ಉಳಿದೀತು.

ಆ ಹಗಲಿನಲ್ಲಿಯೂ ಎಡೆಯಿಲ್ಲದಿಲ್ಲ. ಬರ್ ದುಬೈಯಿಂದ ದೇರಾ ದಡಕ್ಕೆ ಅಬ್ರಾ ಎಂಬ ಮರದ ದೋಣಿ ಒಂದು ದಿರ್ಹಮಿಗೆ ಜನರನ್ನು ದಾಟಿಸುತ್ತದೆ. ಬಸ್ಸಿನವರ ಪಟ್ಟಿಯಲ್ಲಿ ಕೆಲವೊಮ್ಮೆ ಇದೂ ಇರುವುದುಂಟು, ಹತ್ತು ನಿಮಿಷದ ವಿನೋದವಾಗಿ. ಪಕ್ಕದ ಹಲಗೆಯ ಮೇಲೆ ಕೆಲಸಕ್ಕೆ ಹೊರಟು ಕುಳಿತವನನ್ನು ಯಾವ ಊರೆಂದು ಕೇಳಲು ಆ ಹತ್ತು ನಿಮಿಷ ಸಾಕು; ಆತನು ಕನ್ನಡದಲ್ಲಿಯೇ ಉತ್ತರ ಕೊಟ್ಟರೂ ಕೊಟ್ಟಾನು.